ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದಂತೆ.
ನಾನಾದರೋ ಮದುವೆಯಾದದ್ದೇ ಸುಂಕದವನನ್ನು.

ವೋರ್ಕುಮ್ಮಿನ ಕಾಲುವೆಗೆ ಅಡ್ಡವಾಗಿ ಒಂದು ಸೇತುವೆ,
ದೋಣಿ ಬಂದರೆ ಅದು ಬೆನ್ನೆತ್ತಿ ನಿಲ್ಲುತ್ತದೆ.
ಆಗ ನನ್ನ ಗಂಡ ಔಕೆ, ಗಾಳದ ಕೋಲಿಗೆ
ಮರದ ಬೂಟೊಂದನ್ನು ಕಟ್ಟಿ
ದೋಣಿಯವರ ಮೂಗಿನ ಮಟ್ಟಕ್ಕೆ ಇಳಿಬಿಡುತ್ತಾನೆ.
ನಾಣ್ಯ ಬಿದ್ದ ಸದ್ದಿಗೇ ಎಷ್ಟೆಂದು ಹೇಳಬಲ್ಲ.

ಅವನ ಮುಂದೆ ಹೇಳಿದೆ, ಆಲೂಗಡ್ಡೆ ಸುಲಿಯುತ್ತ:
ಮುಂದಿನ ತಿಂಗಳಿಂದ ವಾರಕ್ಕೆ ಮೂರೇ ದಿನ ಕೆಲಸಕ್ಕೆ ಹೋಗುತ್ತೇನೆ.

ಯಾಕೆ ಎನ್ನಲಿಲ್ಲ.
ಚೌಕುಳಿ ಹಾಳೆಯ ಪುಸ್ತಕ ತಂದ,
ಪೆನ್ಸಿಲ್ಲಿನ ಮೊನೆಯನ್ನು ನಾಲಿಗೆಗೆ ತಾಗಿಸಿ
"ಎಷ್ಟು ಕಡಿಮೆ?" ಎಂದ.
ಒಂಬೈನೂರ ಇಪ್ಪತ್ತು.
ಹಾಳೆಯ ನೆತ್ತಿಯಲ್ಲಿ ಬರೆದ. ಅಡಿಗೆರೆ ಎಳೆದ, ಎರಡು ಸಲ.

ಚೀಸ್ ಕಾರ್ಖಾನೆಯ ಇನ್ನೂರ ಹನ್ನೊಂದು ಜನರ ಸಂಬಳ
ಹತ್ತೊಂಬತ್ತು ವರ್ಷದಿಂದ ಬರೆಯುವವಳು ನಾನು.
ಯಾರ ಮನೆಗೆ ಜಪ್ತಿ ಬಂತು, ಯಾರಿಗೆ ಹೊಸ ಮಗು,
ಯಾರು ಎರಡು ಮನೆಗೆ ಜೀವನಾಂಶ ಕಟ್ಟುತ್ತಾರೆ, ಎಲ್ಲ ಗೊತ್ತು.
ನನ್ನ ಸಾಲಿಗೆ ಬಂದಾಗ ಮಾತ್ರ ಬೆರಳು ತಡವರಿಸಿತು.
ಅರ್ಜಿಯಲ್ಲಿ ಕಾರಣ ಕೇಳಿದ್ದರು:
ಮಗು, ಕಾಯಿಲೆ, ಓದು, ಇತರೆ.
ಇತರೆ ಎಂಬ ಚೌಕಕ್ಕೆ ಗುರುತು ಹಾಕಿದೆ.
ಅದರ ಮುಂದೆ ಚುಕ್ಕೆಗಳ ಗೆರೆಯಿತ್ತು, ಖಾಲಿ ಬಿಟ್ಟೆ.

ಮೂರು ರಾತ್ರಿ ಲೆಕ್ಕ.
ನನ್ನ ಕಾರು ಹೋಯಿತು, ಅದರ ಬೆನ್ನಿಗೆ ತೆರಿಗೆ, ವಿಮೆ, ಹೊಟ್ಟೆಬಾಕತನ.
ಬೇಸಿಗೆಯಲ್ಲಿ ಗುಡ್ಡಗಾಡಿಗೆ ಹೊರುತ್ತಿದ್ದ ಡೇರೆ ಅಟ್ಟ ಸೇರಿತು.
ಪತ್ರಿಕೆ ಶನಿವಾರದ್ದಷ್ಟೇ.
ಮನೆ ಬೆಚ್ಚಗಿಡುವ ಗುಂಡಿ ಒಂದು ಡಿಗ್ರಿ ಕೆಳಗೆ.
ಮಗ ಯೆಲ್ಮರ್ ಬಂದವನು ಗುಂಡಿ ನೋಡಿ, ಮಾತಿಲ್ಲದೆ,
ಉಣ್ಣೆಯ ಟೋಪಿ ಹಾಕಿಕೊಂಡು ಊಟಕ್ಕೆ ಕೂತ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಔಕೆಯದು ಎರಡು ಮೀಟರಿನ ದೇಹ; ಮದುವೆಯಾದ ದಿನದಿಂದ
ಅವನ ಪಾದಗಳು ಹಾಸಿಗೆಯ ಆಚೆಗೇ ಇವೆ,
ಚಳಿಗಾಲಕ್ಕೆ ಅವಕ್ಕೆಂದೇ ಬೇರೆ ಕಾಲುಚೀಲ.

ಕಡೆಗೆ ಪಿಂಚಣಿಯ ಕಾಗದ ಬಿಡಿಸಿದ.
"ಇದೂ ಸಣ್ಣದಾಗುತ್ತದೆ, ಹಿಸ್ಕೆ.
ನೀನು ಸಾಲ ಎತ್ತುತ್ತಿರುವುದು
ಅರವತ್ತೇಳು ವರ್ಷದ ಹಿಸ್ಕೆಯ ಹತ್ತಿರ.
ಆ ಮುದುಕಿಯನ್ನು ಒಂದು ಮಾತು ಕೇಳಿದೆಯಾ?"
ಕೇಳಿರಲಿಲ್ಲ.
ಒಲೆಯ ಮೇಲೆ ಏನೋ ಸೀದ ವಾಸನೆ. ಇಬ್ಬರೂ ಏಳಲಿಲ್ಲ.

ಮೊದಲ ಬುಧವಾರ.
ಏನು ಮಾಡಬೇಕೆಂದು ತಿಳಿಯಲಿಲ್ಲ, ಹೇಳಲು ನಾಚಿಕೆ.
ಫ್ರಿಜ್ ತೊಳೆದೆ. ಸಾಸಿವೆ ಗೊಜ್ಜಿನ ಬಾಟಲಿ ನಾಲ್ಕು, ನಾಲ್ಕೂ ಅರ್ಧರ್ಧ;
ಎರಡಕ್ಕೆ ಸುರಿದಿಟ್ಟು ಉಳಿತಾಯ ಎಂದುಕೊಂಡೆ.
ಹತ್ತೂವರೆಗೆ ಅಡುಗೆಮನೆಯ ನೆಲಕ್ಕೆ
ಬಿಸಿಲಿನ ಒಂದು ಚೌಕ ಬಂತು.
ಹದಿನಾಲ್ಕು ವರ್ಷವಾಯಿತು ಈ ಮನೆಗೆ,
ಅದು ವಾರದ ನಡುವೆಯೂ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಸೈಕಲ್ ಹತ್ತಿ ಸೇತುವೆಗೆ ಹೋದೆ.
ಬೆನ್ನೆತ್ತಿತ್ತು. ಈಚೆ ಹನ್ನೊಂದು ಕಾರು, ಒಂದು ಹಾಲಿನ ಲಾರಿ,
ಸ್ಟೀರಿಂಗಿನ ಮೇಲೆ ತಾಳ ಕುಟ್ಟುವ ಬೆರಳುಗಳು.
ಔಕೆ ನನ್ನನ್ನು ಕಂಡ. ತನ್ನ ಗೂಡಿನೊಳಗೆ ಹೋಗಿ ಬಂದ.
ಗಾಳದ ಕೋಲನ್ನು ಮೆಲ್ಲಗೆ ದಡದ ಕಡೆ ತಿರುಗಿಸಿ
ಬೂಟನ್ನು ನನ್ನ ಮೂಗಿನ ಮುಂದೆ ನಿಲ್ಲಿಸಿದ.
ಜೇಬು ತಡಕಿದೆ: ಪೆನ್ಸಿಲ್ ತುಂಡು, ರಿಯಾಯಿತಿಯ ಚೀಟಿ.
"ಅರ್ಧ ಸುಂಕ ತಗೋ," ಎಂದೆ, "ಅರೆಕಾಲದವಳು ನಾನು."
"ಮೊದಲು ಒಳಗೆ ನೋಡು."

ಬೂಟಿನೊಳಗೆ ಅವನ ಮಧ್ಯಾಹ್ನದ ಬ್ರೆಡ್ಡಿನ ಅರ್ಧ,
ಕಾಗದದಲ್ಲಿ ಸುತ್ತಿದ್ದು. ಚೌಕುಳಿ ಕಾಗದ.
ನಮ್ಮ ಲೆಕ್ಕದ್ದೇ ಹಾಳೆ. ಕಟ್ಟಕಡೆಗೆ ಇನ್ನೂ
ಮೂವತ್ತೆಂಟು ಯೂರೋ ತುಂಬದೆ ಉಳಿದಿದೆ.
ಅದರ ಮೇಲೆ ಬೆಣ್ಣೆಯ ಜಿಡ್ಡು ಹರಡಿ
ಅಂಕಿಯ ಹಿಂದಿನ ಬೆಳಕು ಕಾಣುತ್ತಿತ್ತು.

ನಿಂತೇ ತಿಂದೆ. ಹಾಳೆಯನ್ನು ಮಡಿಸಿ ಇಟ್ಟುಕೊಂಡೆ,
ಆ ಮುದುಕಿಗೆ ತೋರಿಸಬೇಕಲ್ಲ.